ಫ್ರೀ ಅದೀರೇನ್ರಿ?

ನಮ್ಮ ಬಚ್ಚಲಲ್ಲಿ ಒಂದು ನೀಲಿ ಮಗ್ಗು ಇದೆ. ಬಟ್ಟೆ ತೊಳೆಯುವ ಪುಡಿಯ ದೊಡ್ಡ ಚೀಲದ ಕೊರಳಿಗೆ ಜೋತುಬಿದ್ದು ಮನೆಗೆ ಬಂದದ್ದು. ಅದರ ಹೊಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ 'ಫ್ರೀ' ಎಂದು ಬರೆದಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ರಾಯಚೂರಿನ ಸವಳು ನೀರಿಗೆ ನಮ್ಮ ತಲೆಗೂದಲು ಉದುರಿದವು, ನಲ್ಲಿಯ ಮೂತಿ ಬೆಳ್ಳಗಾಯಿತು, ರೊಕ್ಕ ಕೊಟ್ಟು ತಂದ ಬಕೆಟ್ಟು ಬಿರಿದು ಹೊಸದು ಬಂತು. ಮಗ್ಗು ಮಾತ್ರ ತನ್ನ ಹಣೆಬರಹವನ್ನು ಹೊಟ್ಟೆಯ ಮೇಲೆ ಹೊತ್ತುಕೊಂಡು ಇದ್ದ ಹಾಗೇ ಇದೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಮೈಮೇಲೆ ನೀರು ಸುರಿದುಕೊಳ್ಳುವಾಗ ನನಗೂ ಅದಕ್ಕೂ ಮುಖಾಮುಖಿಯಾಗುತ್ತದೆ. ಆ ಪದದ ಜೊತೆ ನನಗೆ ಹಳೆಯ ಜಗಳವಿದೆ. ಇವತ್ತು ಅದನ್ನು ನಿಮ್ಮೆದುರು ಬಿಚ್ಚುತ್ತೇನೆ. ನಗು ಬಂದರೆ ನಗಿ, ಆದರೆ ನನ್ನ ಪರವಾಗಿ ನಗಿ.

ಇಂಗ್ಲಿಷಿನವರು ಈ ಪದವನ್ನು ಯಾವ ಕೆಲಸಕ್ಕೆಂದು ಇಟ್ಟುಕೊಂಡಿದ್ದಾರೋ ನನಗೆ ತಿಳಿಯದು. ನಮ್ಮ ಕಡೆ ಬಂದ ಮೇಲೆ ಅದಕ್ಕೆ ಕೈತುಂಬ ಕೆಲಸ. ನಮ್ಮ ಓಣಿಯಲ್ಲಿ ಅದು ಮುಂಜಾನೆಯೇ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ. "ಸಿಸ್ಟರ್, ಫ್ರೀ ಅದೀರೇನ್ರಿ?" ನಾನು ದೇವದುರ್ಗದ ಸರ್ಕಾರಿ ದವಾಖಾನೆಯಲ್ಲಿ ನರ್ಸು, ಇರುವುದು ರಾಯಚೂರಿನಲ್ಲಿ. ಓಣಿಯವರ ಪಾಲಿಗೆ ನಾನು 'ಫ್ರೀ ಅದೀರೇನ್ರಿ'ಗೆ ಹುಟ್ಟಿದ ಉತ್ತರ. ಅದರ ಅರ್ಥ, ನಮ್ಮ ಅತ್ತೆಗೆ ಒಂದು ಇಂಜೆಕ್ಷನ್ ಚುಚ್ಚಿ ಹೋಗಿ ಎಂದು. ರಾತ್ರಿ ಪಾಳಿ ಮುಗಿಸಿ ಬಂದು ನಾನು ಮಲಗಿದ್ದರೆ, ಅವರ ಲೆಕ್ಕದಲ್ಲಿ ನಾನು ಇನ್ನೂ ಹೆಚ್ಚು ಫ್ರೀ. ಮೊದಲೆಲ್ಲ ಏಳುತ್ತಿದ್ದೆ. ಈಗ ಕಿಟಕಿಯಿಂದಲೇ "ಇಲ್ರೀ, ಮಲಗೀನಿ" ಅನ್ನುತ್ತೇನೆ. ಮಲಗುವುದೂ ಒಂದು ಕೆಲಸ ಎಂಬುದನ್ನು ಆ ಓಣಿಗೆ ಕಲಿಸಲು ನನಗೆ ಬಹಳ ವರ್ಷ ಬೇಕಾದವು.

ವಾರ್ಡಿನೊಳಗೆ ಅದೇ ಪದ ಬೇರೆ ವೇಷ ಹಾಕುತ್ತದೆ. ಅಲ್ಲಿ ನಾನೇ ಅದನ್ನು ಊರ ಮಂದಿಯ ಮೇಲೆ ಪ್ರಯೋಗಿಸುವವಳು. "ಕೈ ಫ್ರೀ ಬಿಡ್ರಿ" ಅಂದರೆ ಬಿಗಿ ಹಿಡಿಯಬೇಡಿ, ನರ ಸಿಗುವುದಿಲ್ಲ ಎಂದು. ಬೆಡ್ಡು ಫ್ರೀ ಆಯಿತು ಅಂದರೆ ಒಬ್ಬರು ಗುಣವಾಗಿ ಮನೆಗೆ ಹೋದರು ಎಂದು. ಒಮ್ಮೊಮ್ಮೆ ಹಾಗಲ್ಲ, ಆಗ ಆ ಪದವನ್ನು ಮೆಲ್ಲಗೆ ಹೇಳುತ್ತೇವೆ. ಇನ್ನೊಂದು ನಿಮಗೂ ಗೊತ್ತು. ಹೊಟ್ಟೆನೋವೆಂದು ಬಂದ ಒಬ್ಬ ಅಜ್ಜನಿಗೆ ಕೇಳಿದೆ, "ಯಪ್ಪಾ, ಮೋಷನ್ ಫ್ರೀ ಆಗ್ಯಾದೇನು?" ಅಜ್ಜ ಎದ್ದು ಕುಳಿತ. "ಏ ಯವ್ವಾ, ಅದನ್ನೂ ಫ್ರೀ ಮಾಡ್ಯಾರೇನು ಸರ್ಕಾರದಾವ್ರು? ಇಷ್ಟು ದಿನ ಯಾರೂ ಹೇಳಲಿಲ್ಲ ನೋಡು!" ಡಾಕ್ಟರು ನಗು ತಡೆಯಲಾಗದೆ ಹೊರಗೆ ಹೋದರು. ಅಜ್ಜನಿಗೆ ಆ ನಗುವಿನಲ್ಲೇ ಅರ್ಧ ಹೊಟ್ಟೆನೋವು ಇಳಿಯಿತು.

ಆದರೆ ಈ ಪದ ನನಗೆ ಮೊದಲು ಪರಿಚಯವಾದದ್ದು ನಗುವಿನಲ್ಲಲ್ಲ. ನನ್ನ ತವರು ಮಾನ್ವಿ ತಾಲ್ಲೂಕಿನ ಬಾಗಲವಾಡ. ಅಪ್ಪ, ಯವ್ವ ಇಬ್ಬರೂ ಕೂಲಿ. ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು. ಶಾಲೆ ಶುರುವಾದ ವಾರ ಮೇಷ್ಟ್ರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, "ಫ್ರೀ ಪುಸ್ತಕದಾವ್ರು ಇತ್ಲಾಗ ಬರ್ರಿ, ಒಂದ್ ಸಾಲು ನಿಲ್ರಿ." ಆ ಸಾಲಿನಲ್ಲಿ ನಿಂತವರೆಲ್ಲ ಊರಿನ ಒಂದೇ ದಿಕ್ಕಿನ ಓಣಿಯವರು. ಉಳಿದವರು ಕುಳಿತು ನಮ್ಮನ್ನು ನೋಡುತ್ತಿದ್ದರು. ನನ್ನ ಹೆಸರು ಅವರಿಗೆ ಮರೆತರೂ 'ಫ್ರೀ ಪುಸ್ತಕದಾಕಿ' ಎಂಬುದು ನೆನಪಿರುತ್ತಿತ್ತು. ನಾನು ಆ ಪುಸ್ತಕಕ್ಕೆ ಸಿಮೆಂಟು ಚೀಲದ ಕಾಗದದ ರಟ್ಟು ಹಾಕಿ, ಮೇಲೆ ನನ್ನ ಹೆಸರನ್ನು ಅಂಗಡಿಯ ಬೋರ್ಡಿನಷ್ಟು ದೊಡ್ಡದಾಗಿ ಬರೆದಿದ್ದೆ. ಅದೇ ಪುಸ್ತಕ ಓದಿ ಮೇಷ್ಟ್ರ ಮಗನಿಗಿಂತ ಹೆಚ್ಚು ಅಂಕ ತೆಗೆದೆ. ಇದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ. ಆದರೂ ಹೇಳುತ್ತೇನೆ.

ನರ್ಸಿಂಗ್ ಮುಗಿಸಿ ಕೆಲಸ ಸಿಕ್ಕ ಮೇಲೆ ಒಂದು ಸಂಬಂಧ ಬಂತು. ಹುಡುಗನ ಬಗ್ಗೆ ನಡುವಿನವನು ಹೇಳಿದ ಮಾತು, "ಹುಡುಗ ಬಾಳ ಫ್ರೀ ಅದಾನ್ರಿ. ಮನಸಿನಾಗ ಒಂದೂ ಇಟ್ಕೊಳ್ಳಂಗಿಲ್ಲ." ಮನೆಯವರಿಗೆ ಖುಷಿಯಾಯಿತು. ಹುಡುಗ, ಅವನ ಮಾವ, ಚಿಕ್ಕವ್ವ ಒಂದು ಜೀಪಿನಲ್ಲಿ ಬಂದರು. ಯವ್ವ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿದ್ದಳು. ನಾನು ಸೀರೆಯ ಸೆರಗು ಎಳೆದುಕೊಂಡು, ನೆಲ ನೋಡುತ್ತ ಕುಳಿತೆ. ಆಗ ಚಿಕ್ಕವ್ವ ಪ್ರೀತಿಯಿಂದ ಅಂದಳು, "ಯಾಕವ್ವ, ಹಂಗ ಬಿಗಿಹಿಡ್ಕೊಂಡು ಕುಂತೀದಿ? ನಾವೇನು ಹೊರಗಿನಾವ್ರೇನು? ಫ್ರೀ ಆಗಿ ಮಾತಾಡು."

ನಾನು ನಂಬಿದೆ. ನರ್ಸಿಂಗ್ ಓದಿದವಳು, ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ನಮಗೆ ಕಲಿಸಿದ್ದು. ತಲೆ ಎತ್ತಿ ಹುಡುಗನನ್ನೇ ಕೇಳಿದೆ, "ನೀವು ಏನ್ ಕೆಲಸ ಮಾಡ್ತೀರಿ?"

"ಕಾಂಟ್ರ್ಯಾಕ್ಟ್ ಲೈನ್ದಾಗ ಅದೀನಿ."

"ಯಾವ ಕಾಂಟ್ರ್ಯಾಕ್ಟ್ ರೀ?"

ಅವನು ಮಾವನ ಮುಖ ನೋಡಿದ. ಮಾವ ಮಿರ್ಚಿಯ ಮುಖ ನೋಡಿದ.

"ನಂದು ವಾರಗಟ್ಟಲೆ ನೈಟ್ ಡ್ಯೂಟಿ ಇರ್ತದ. ಆವಾಗ ನಿಮ್ಮ ಅನ್ನ ನೀವ ಮಾಡ್ಕೋತೀರೇನು?"

ಮಾವನ ಕೈಯಲ್ಲಿದ್ದ ಚಹಾದ ಕಪ್ಪು ಗಾಳಿಯಲ್ಲೇ ನಿಂತಿತು. ಒಗ್ಗರಣಿ ಮಾತ್ರ ಪೂರ್ತಿ ಖಾಲಿಯಾಯಿತು. ನಾಲ್ಕು ದಿನ ಬಿಟ್ಟು ನಡುವಿನವನು ಸುದ್ದಿ ತಂದ, "ಹುಡುಗಿ ಚಲೋ ಅದಾಳಂತ್ರಿ. ಆದ್ರ ಬಾಳ ಫ್ರೀ ಅದಾಳಂತ."

ಒಂದೇ ಬಾಯಿ, ಒಂದೇ ಪದ. ಹುಡುಗನಿಗೆ ಹಾರವಾದದ್ದು ನನ್ನ ಕೊರಳಿಗೆ ಗಂಟೆಯಾಯಿತು. ನನ್ನ ಅಣ್ಣ ಮಲ್ಲೇಶಿ ತಲೆ ಚಚ್ಚಿಕೊಂಡ. "ನೀ ಸುಮ್ಮ ಕುಂದ್ರಬೇಕಿತ್ತಲ್ಲ?"

"ಅವರೇ ಫ್ರೀ ಆಗು ಅಂದ್ರಲ್ಲಣ್ಣ."

"ಹಂಗಂತಾರ. ಅಂದ್ರ ಆಗಿಬಿಡೋದೇನು?"

ಆ ಒಂದು ಮಾತಿನಲ್ಲಿ ಅಣ್ಣ ನನಗೆ ಲೋಕದ ವ್ಯವಹಾರವನ್ನೆಲ್ಲ ಹೇಳಿಬಿಟ್ಟ. ನಾನು ಕಲಿಯಲಿಲ್ಲ. ಮುಂದಿನ ಸಂಬಂಧದವರಿಗೂ ಅದೇ ಪ್ರಶ್ನೆ ಕೇಳಿದೆ, ಅದರ ಮುಂದಿನವರಿಗೂ ಕೇಳಿದೆ. ಕೊನೆಗೆ ಒಬ್ಬ ಶಾಲಾ ಮಾಸ್ತರು ಸ್ವಲ್ಪ ಯೋಚಿಸಿ, "ಅನ್ನ ಮಾಡ್ತೀನ್ರಿ, ಸಾರು ಬರಂಗಿಲ್ಲ" ಅಂದರು. ಅವರನ್ನೇ ಮದುವೆಯಾದೆ. ಇವತ್ತಿಗೂ ಅವರಿಗೆ ಸಾರು ಬರುವುದಿಲ್ಲ. ಹುಡುಗಿ ಬಹಳ ಫ್ರೀ ಎಂದವರ ಮಾತು ಸುಳ್ಳಾಗದಂತೆ ನಾನೂ ನೋಡಿಕೊಂಡಿದ್ದೇನೆ.

ಇರಲಿ, ನಾನು ಹೇಳಬೇಕೆಂದಿದ್ದು ಯವ್ವನ ಸುದ್ದಿ.

ನಮ್ಮ ಯವ್ವನ ಹೆಸರು ಹುಲಿಗೆವ್ವ. ಅಪ್ಪ ತೀರಿಕೊಂಡ ಮೇಲೆ ಮಲ್ಲೇಶಣ್ಣನ ಜೊತೆ ಊರಲ್ಲೇ ಇದ್ದಾಳೆ. ಅಣ್ಣನಿಗೆ ಮಾನ್ವಿಯಲ್ಲಿ ಟೇಲರ್ ಅಂಗಡಿ, ದಿನಾ ಹೋಗಿ ಬರುತ್ತಾನೆ. ಯವ್ವ ಜೀವನದಲ್ಲಿ ಬಹಳ ತಿರುಗಾಡಿದವಳು, ಆದರೆ ಎಲ್ಲ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಗದ್ದೆಯಿಂದ ಗದ್ದೆಗೆ. ಊರು ನೋಡಲೆಂದು ಎಲ್ಲಿಗೂ ಹೋದವಳಲ್ಲ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಯಿತೆಂದು ಸುದ್ದಿ ಬಂದಾಗ ಅವಳು ಮೊದಲು ನಂಬಲಿಲ್ಲ. ಪಕ್ಕದ ಮನೆಯವಳು ಮಾನ್ವಿಗೆ ಹೋಗಿ ಬಂದು ಸೊನ್ನೆ ಬರೆದ ಟಿಕೆಟ್ಟು ತೋರಿಸಿದ ಮೇಲೆ, ಪೆಟ್ಟಿಗೆಯ ತಳದಲ್ಲಿದ್ದ ಆಧಾರ್ ಕಾರ್ಡು ತೆಗೆದು ಒರೆಸಿ ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಬಸ್ಸಿನ ಹೆಸರೇ ಅವಳ ಬಾಯಲ್ಲಿ 'ಫ್ರೀ' ಎಂದಾಯಿತು. "ಹತ್ತರ ಫ್ರೀ ತಪ್ಪಿಸಿಕೊಂಡೆ ನೋಡು, ಹನ್ನೊಂದರ ಫ್ರೀಗೆ ಬರಾಕತ್ತೀನಿ" ಎಂದು ಫೋನು ಮಾಡುತ್ತಿದ್ದಳು. ಖಾಸಗಿ ಬಸ್ಸು ಬಂದರೆ "ಅದು ಫ್ರೀ ಅಲ್ಲ, ಬರೇ ಬಸ್" ಎನ್ನುತ್ತಿದ್ದಳು. ರಾಯಚೂರಿಗೆ ಬಂದರೆ ನಮ್ಮ ಮನೆಯಲ್ಲಿ ಒಂದು ಹೊತ್ತು ಉಂಡು, ಕೋಟೆ ಬಾಗಿಲ ಕಡೆ ಹೋಗಿ, ಸಂತೆ ಸುತ್ತಿ, ಏನೂ ಕೊಳ್ಳದೆ ಬರುತ್ತಿದ್ದಳು. "ಏನ್ ತಂದಿಯವ್ವ?" ಅಂದರೆ, "ತರಾಕ ಹೋಗಿದ್ದಿಲ್ಲ, ನೋಡಾಕ ಹೋಗಿದ್ದೆ" ಅನ್ನುತ್ತಿದ್ದಳು.

ಒಂದು ದಿನ ಕೇಳಿದಳು, "ನೀ ದಿನಾ ದೇವದುರ್ಗಕ್ಕ ಹೋಗ್ತಿ. ಅಲ್ಲಿ ಕೃಷ್ಣಾ ಹೊಳಿ ಅದ ಅಂತಾರ. ನೋಡೀಯೇನು?"

ನಾನು ನೋಡಿರಲಿಲ್ಲ. ಇಷ್ಟು ವರ್ಷ ಬಸ್ಸಿಳಿದು ದವಾಖಾನೆ, ದವಾಖಾನೆಯಿಂದ ಬಸ್ಸು. ನನಗೇ ನಾಚಿಕೆಯಾಗಿ, ರಜೆಯಿದ್ದ ಒಂದು ದಿನ ಅವಳನ್ನು ಕರೆದುಕೊಂಡು ದೇವದುರ್ಗಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೊಳೆದಂಡೆಯ ಗೂಗಲ್ಲಿಗೆ ಹೋದೆ. ಅಲ್ಲಮಪ್ರಭುವಿನ ಗುಡಿಗೆ ಹೊರಗಿನಿಂದ ಕೈಮುಗಿದು, ಯವ್ವ ನೇರ ನೀರಿಗೆ ನಡೆದಳು. ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಒಂದು ಬಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೀರನ್ನೇ ನೋಡತೊಡಗಿದಳು. ನಾನು ಏನಾದರೂ ದುಃಖವೇನೋ ಎಂದು ಹತ್ತಿರ ಹೋದೆ.

"ಏನಿಲ್ಲ. ನೀರಾಗ ಕಾಲಿಟ್ಟೀನಿ, ಕೈಗೆ ಕೆಲಸಿಲ್ಲ. ಅದಕ್ಕ ಹೆಂಗೋ ಆಗಾಕತ್ತೈತಿ," ಅಂದಳು.

ನಲವತ್ತು ಹಂಗಾಮು ಅವಳು ನೀರಿನಲ್ಲಿ ನಿಂತಿದ್ದಾಳೆ. ಬೆನ್ನು ಬಗ್ಗಿಸದೆ ನೀರಿನಲ್ಲಿ ಕಾಲಿಟ್ಟದ್ದು ಅವತ್ತೇ ಮೊದಲು. ಅವಳ ಕಾಲಬೆರಳ ಸಂದಿಯ ಹಳೆಯ ಬಿರುಕುಗಳನ್ನು ಮೀನಿನ ಮರಿಗಳು ಬಂದು ಮುತ್ತುತ್ತಿದ್ದವು. ಅವಳು ಹುಡುಗಿಯ ಹಾಗೆ ಕಿಲಕಿಲ ನಕ್ಕಳು. ನಾನೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಳಿತೆ.

ಅವತ್ತೇ, ತಿರುಗಿ ಬರುವಾಗ, ಬಸ್ಸಿನಲ್ಲಿ ಒಂದು ಜಗಳವಾಯಿತು.

ದೇವದುರ್ಗದಲ್ಲಿ ರಾಯಚೂರಿನ ಬಸ್ಸು ಹತ್ತಿ ಮೂವರ ಸೀಟಿನಲ್ಲಿ ಕಿಟಕಿಗೆ ಯವ್ವ, ನಡುವೆ ನಾನು ಕುಳಿತೆವು. ಮೂರನೆಯ ಜಾಗಕ್ಕೆ ಬಾಣಂತಿಯೊಬ್ಬಳು ಬಂದಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ಹಿಂದಿನ ವಾರ ನಮ್ಮಲ್ಲೇ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದ ಹುಡುಗಿ, ಅವತ್ತು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೊರಟಿದ್ದಳು. ಅವಳ ಅತ್ತೆ ಹಿಂದೆಲ್ಲೋ ಜಾಗ ಹಿಡಿದಿದ್ದಳು. ಬಸ್ಸು ತುಂಬಿತು. ಕೊನೆಗೆ ಬಿಳಿ ಅಂಗಿಯ ದೊಡ್ಡ ಮನುಷ್ಯನೊಬ್ಬ ಹತ್ತಿದ. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಹೊಳೆಯುವ ಗಡಿಯಾರ. ಕೂರಲು ಜಾಗವಿಲ್ಲದೆ ನಮ್ಮ ಸೀಟಿನ ಕಂಬ ಹಿಡಿದು ನಿಂತ.

ಮೊದಲು ಅವನು ಗಾಳಿಯ ಜೊತೆ ಮಾತಾಡಿದ. "ಫ್ರೀದಾವ್ರೆಲ್ಲ ಆರಾಮ ಕುಂತಾರ, ರೊಕ್ಕ ಕೊಟ್ಟಾವ್ರು ನಿಂತೀವಿ. ಏನ್ ಕಾಲ ಬಂತ್ರಿ ಇದು." ಗಾಳಿ ಉತ್ತರ ಕೊಡಲಿಲ್ಲ. ಒಂದಿಬ್ಬರು ಗಂಡಸರು ಹೂಂಗುಟ್ಟಿದರು. ಧೈರ್ಯ ಬಂದು ಅವನು ಬಾಣಂತಿಯ ಕಡೆ ಬಗ್ಗಿದ. "ಏ ತಂಗಿ, ನೀ ಸಣ್ಣಾಕಿ ಅದಿ, ಏಳು. ನಾ ಟಿಕೆಟ್ ತಗೊಂಡೀನಿ."

ಹುಡುಗಿ ಏಳತೊಡಗಿದಳು. ಏಳಬೇಕೋ ಬೇಡವೋ ಎಂದು ಅವಳು ಯೋಚಿಸಿದ್ದೂ ಇಲ್ಲ. ಮಾತು ಕಿವಿಗೆ ಬೀಳುವ ಮೊದಲೇ ಮೈ ಎದ್ದಿತ್ತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಹಾಗೆ ಏಳುವುದು ನನಗೆ ಗೊತ್ತು. ನಮ್ಮ ತವರಿನ ಓಣಿಯ ಎಲುಬಿನಲ್ಲೇ ಅದು ಕೂತಿದೆ. ನಾನು ಅವಳ ಭುಜ ಹಿಡಿದು ಅಂದೆ, "ಕುಂದ್ರು."

"ನಿಮಗೇನ್ರಿ? ನಾ ಆಕಿಗೆ ಹೇಳಾಕತ್ತೀನಿ," ಅಂದ ಅವನು.

ಆಕೆಗೆ ಹೊಲಿಗೆ ಹಾಕಿದ್ದಾರೆ, ಹಸೀ ಬಾಣಂತಿ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದ್ದರೆ ಅವನು "ಅಯ್ಯೋ, ಮೊದಲ ಹೇಳಬಾರದೇನವ್ವ" ಎಂದು ಕರಗಿ, ಎಲ್ಲರೆದುರು ದೊಡ್ಡವನಾಗಿ, ಅವಳಿಗೆ ಅವಳದೇ ಸೀಟನ್ನು ದಾನ ಕೊಡುತ್ತಿದ್ದ. ನಾಳೆ ಹೊಟ್ಟೆಯಲ್ಲಿ ಹೊಲಿಗೆ ಇಲ್ಲದ ಇನ್ನೊಬ್ಬಳನ್ನು ಎಬ್ಬಿಸುತ್ತಿದ್ದ. ನಾನು ಆ ಮಾತನ್ನು ನುಂಗಿಕೊಂಡೆ. ಕೂರುವುದಕ್ಕೆ ನಾವು ಗಾಯ ತೋರಿಸಬೇಕೇನು?

"ಆಕಿ ಮೊದಲು ಬಂದಾಳ, ಕುಂತಾಳ. ನೀವು ಆಮ್ಯಾಗ ಬಂದೀರಿ, ನಿಂತೀರಿ. ಅಷ್ಟೇರಿ."

"ನಾ ರೊಕ್ಕ ಕೊಟ್ಟೀನಿ!"

"ರೊಕ್ಕ ಕೊಟ್ಟಿದ್ದು ರಾಯಚೂರಿಗಿ. ರಾಯಚೂರು ಬರ್ತದ, ತಡೀರಿ."

ಹಿಂದಿನ ಸೀಟಿನಲ್ಲಿ ಯಾರೋ ಫಕ್ಕನೆ ನಕ್ಕರು. ಅವನ ಮುಖ ಕೆಂಪಾಯಿತು. ಕಂಡಕ್ಟರನ್ನು ಕೂಗಿದ. ಮಂದಿಯ ನಡುವೆ ಈಜಿಕೊಂಡು ಬಂದ ಕಂಡಕ್ಟರ್, "ಕುಂತವರ್ನ ಎಬ್ಬಸಾಕ ನನಗ ಬರಂಗಿಲ್ರಿ ಸಾಹೇಬ್ರ. ಅವರಿಗೂ ಟಿಕೆಟ್ ಕೊಟ್ಟೀನಿ, ನಿಮಗೂ ಕೊಟ್ಟೀನಿ," ಅಂದ.

"ಅವರದು ಟಿಕೆಟ್ಟೇನ್ರಿ? ಸೊನ್ನಿ! ಬಸ್ ನಿಲ್ಲಸ್ರಿ. ಇದು ಇತ್ಯರ್ಥ ಆಗೂ ತನಕ ಬಸ್ ಮುಂದ ಹೋಗಂಗಿಲ್ಲ!" ಎಂದು ಅವನು ತಗಡಿಗೆ ದಬದಬ ಬಡಿದ.

ಡ್ರೈವರನಿಗೆ ರೋಸಿಹೋಗಿತ್ತು. ಗಬ್ಬೂರು ದಾಟಿ ಬಯಲಲ್ಲಿ ಒಂದು ಜಾಲಿಮರದ ಹತ್ತಿರ ಬಸ್ಸು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, "ಮಾತಾಡಿ ಮುಗಸ್ರಿ, ಆಮ್ಯಾಗ ಬಿಡ್ತೀನಿ" ಎಂದು ಕೆಳಗಿಳಿದು ನಿಂತ. ಬಸ್ಸಿನಲ್ಲಿ ಒಮ್ಮೆಲೇ ಸದ್ದಡಗಿತು. ಸೆಕೆ ಏರತೊಡಗಿತು. ಕೂಸು ಅಳಲು ಶುರು ಮಾಡಿತು. ಬಾಣಂತಿ ನನ್ನ ಕಡೆ ನೋಡಿ, "ಹೋಗ್ಲಿ ಬಿಡ್ರಿ ಅಕ್ಕಾ, ನಾ ಏಳ್ತೀನಿ. ಎಲ್ಲರಿಗೂ ತಡ ಆಗಾಕತ್ತೈತಿ," ಎಂದು ಪಿಸುಗುಟ್ಟಿದಳು. ನಿಜ ಹೇಳುತ್ತೇನೆ, ನನಗೂ ಅವಳ ಭುಜದ ಮೇಲಿನ ಕೈ ತೆಗೆದುಬಿಡಲೇ ಅನ್ನಿಸಿತು. ಇಡೀ ಬಸ್ಸು ನನ್ನಿಂದ ನಿಂತಿತ್ತು.

ಅಲ್ಲಿಯವರೆಗೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದ ಯವ್ವ ತಿರುಗಿದಳು. ಎಲೆಯಡಿಕೆಯ ಸಂಚಿ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡು, ಆ ಮನುಷ್ಯನಿಗೆ ಬಹಳ ಸಮಾಧಾನದಿಂದ ಅಂದಳು:

"ನಿಲ್ಲಸಪ್ಪಾ, ಎಷ್ಟು ಹೊತ್ತು ನಿಲ್ಲಸ್ತಿ ನಿಲ್ಲಸು. ನಮಗೇನಾಗಬೇಕು? ನಾವೆಲ್ಲ ಫ್ರೀನೇ ಅದೀವಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಮ್ಮ ಹಿಂದಿನ ಸೀಟಿನವಳಿಗೆ ತಿಳಿಯಿತು, ಅವಳ ಹಿಂದಿನವಳಿಗೆ ತಿಳಿಯಿತು, ನಗು ಸೀಟಿನಿಂದ ಸೀಟಿಗೆ ಹಾರಿ ಹಿಂದಿನ ಬಾಗಿಲ ತನಕ ಹೋಗಿ ತಿರುಗಿ ಬಂತು. "ಹೌದ್ರೆಪ, ನಾವೂ ಫ್ರೀ!" ಎಂದು ಒಬ್ಬಳು ಕಡಲೆಕಾಯಿ ಸುಲಿಯಲು ಕುಳಿತಳು. "ರಾಯಚೂರಾಗ ನಮ್ಮನ್ಯಾರು ಕಾಯಾಕತ್ತಾರ!" ಎಂದು ಇನ್ನೊಬ್ಬಳು ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡಳು. ಹೂಂಗುಟ್ಟಿದ್ದ ಗಂಡಸರೂ ನಕ್ಕುಬಿಟ್ಟರು. ಇಡೀ ಬಸ್ಸಿನಲ್ಲಿ ಅವಸರವಿದ್ದದ್ದು ಆ ಬಿಳಿ ಅಂಗಿಯವನೊಬ್ಬನಿಗೇ. ಅವನು ಗಡಿಯಾರ ನೋಡಿದ, ಫೈಲು ನೋಡಿದ, ಬಯಲು ನೋಡಿದ. ಕೊನೆಗೆ ಅವನೇ ಕಿಟಕಿಯಿಂದ ಕೂಗಿದ, "ಬಿಡ್ರಿ ಡ್ರೈವರ್ ಸಾಹೇಬ್ರ, ಬಿಡ್ರಿ, ತಡ ಆಗಾಕತ್ತೈತಿ."

ಬಸ್ಸು ಹೊರಟ ಮೇಲೆ, ಅಲ್ಲಿಯವರೆಗೆ ಸೀಟಿನ ಅಂಚಿನಲ್ಲಿ ಕುಳಿತಿದ್ದ ಬಾಣಂತಿ ಹಿಂದೆ ಸರಿದು ಪೂರ್ತಿ ಒರಗಿದಳು. ಕೂಸಿಗೆ ಮೊಲೆ ಕೊಟ್ಟಳು. ಅವಳು ಎಲ್ಲಿ ಇಳಿದಳೋ ನಾನು ನೋಡಲಿಲ್ಲ. ನನಗೆ ನಿದ್ದೆ ಬಂದಿತ್ತು, ಯವ್ವನ ಭುಜದ ಮೇಲೆ.

ಇದು ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಬಸ್ಸಿನಲ್ಲಿ ಯಾರೋ ಮೊಬೈಲಿನಲ್ಲಿ ಯವ್ವನ ಮಾತನ್ನು ಹಿಡಿದುಬಿಟ್ಟಿದ್ದರು. ಅದು ಊರೂರು ಸುತ್ತಿ ಮಾನ್ವಿಯ ಟೇಲರ್ ಅಂಗಡಿಗೂ ಬಂತು. ಗಿರಾಕಿಗಳು ಅಣ್ಣನಿಗೆ ತೋರಿಸಿ, "ಮಲ್ಲೇಶಿ, ನಿಮ್ಮವ್ವ ಭಾರಿ ಫ್ರೀ ಅದಾಳಲ್ಲಪ್ಪ" ಎಂದು ನಕ್ಕರಂತೆ. ಅವರು ಮೆಚ್ಚಿ ಅಂದರೋ ಚುಚ್ಚಿ ಅಂದರೋ ದೇವರೇ ಬಲ್ಲ. ಅಣ್ಣನಿಗೆ ಮಾತ್ರ ಚುಚ್ಚಿತು. ಅವತ್ತು ಸಂಜೆ ಮನೆಗೆ ಹೋಗಿ, "ನಿನ್ನ ಕಾರ್ಡು ನನ್ನ ಕಡೆ ಇರ್ಲಿ, ಎಲ್ಲೆರ ಕಳಕೊಂತಿ" ಎಂದು ಯವ್ವನ ಆಧಾರ್ ತೆಗೆದುಕೊಂಡು ಅಂಗಡಿಯ ಡ್ರಾದಲ್ಲಿಟ್ಟು ಬೀಗ ಹಾಕಿದ.

ನನಗೆ ಫೋನಿನಲ್ಲಿ ಹೇಳಿದ, "ಹಂಗ ಊರೂರು ತಿರುಗಿ ಬಿದ್ದು ಕಾಲು ಮುರ್ಕೊಂಡ್ರ ಯಾರು ನೋಡೋರು? ಫ್ರೀ ಅಂತ ಹೋಗ್ತಾಳ. ಕಾರ್ಡ್ ಇಲ್ಲಂದ್ರ ತಾನ ನಿಲ್ತಾಳ."

ಅಣ್ಣ ಕೆಟ್ಟವನಲ್ಲ. ನನ್ನ ಓದಿನ ಕಾಲದ ಬಟ್ಟೆಯೆಲ್ಲ ಅವನೇ ಹೊಲಿದದ್ದು. ಯವ್ವನಿಗೆ ಜ್ವರ ಬಂದರೆ ಅಂಗಡಿ ಮುಚ್ಚಿ ಕೂರುವವನು. ಆದರೆ ಪ್ರೀತಿ ಬೀಗದ ಕೈ ಹಿಡಿದುಕೊಂಡು ಬಂದರೆ ಏನು ಮಾಡುವುದು? ನಾನು ಜಗಳ ಮಾಡಿದೆ. ಅವನು ಫೋನು ಇಟ್ಟ. ಯವ್ವನನ್ನು ಕೇಳಿದರೆ, "ಆರಾಮ ಅದೀನಿ" ಎಂದಷ್ಟೇ ಅನ್ನುತ್ತಿದ್ದಳು. ಅವಳು ಆರಾಮ ಎಂದು ಅಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಅಪ್ಪ ಹೋದ ಮೇಲೆ ಕೇಳಿರಲಿಲ್ಲ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಯವ್ವ! ಕೈಯಲ್ಲಿ ಬಟ್ಟೆ ಚೀಲ, ತಲೆಯ ಮೇಲೆ ಸೆರಗು, ಮುಖದಲ್ಲಿ ಗೆದ್ದು ಬಂದವರ ಬೆವರು.

"ಅಣ್ಣ ಕಾರ್ಡ್ ಕೊಟ್ನೇನು?"

"ಇಲ್ಲ."

"ಮತ್ತ ಹೆಂಗ ಬಂದಿ?"

"ರೊಕ್ಕ ಕೊಟ್ಟು ಬಂದೆ. ಕಾರ್ಡ್ ಇಲ್ಲಂದ್ರ ಟಿಕೆಟ್ ತಗೋಬೇಕಾಗ್ತದ ಯವ್ವಾ ಅಂದ ಕಂಡಕ್ಟರ. ಕೊಡಪ್ಪ, ಅದಕ್ಕೇನಂತ ಅಂದೆ. ಗಂಡಸರಂಗ ಟಿಕೆಟ್ ತಗೊಂಡು ಬಂದೀನಿ!" ಎಂದು ಚಹಾಕ್ಕೆ ಕುಳಿತಳು. ಆ ರೊಕ್ಕ ಹತ್ತಿ ಬಿಡಿಸಿದ ಕೂಲಿಯದಂತೆ. ಅಣ್ಣನಿಗೂ ಅವನ ಮಕ್ಕಳಿಗೂ ಗೊತ್ತಾಗದ ಹಾಗೆ ಮುಂಜಾನೆಯೇ ಎದ್ದು ಹೊರಟಿದ್ದಳು.

ಚಹಾ ಆರಿಸಿಕೊಳ್ಳುತ್ತ ಅಂದಳು, "ಫ್ರೀ ಅದ ಅಂತ ಹೋಗ್ತಾಳ ಅಂದ್ಕೊಂಡಾನ ಅಂವ. ನಾ ಹೋಗಬೇಕಂತ ಹೋಗ್ತೀನಿ. ಇಷ್ಟು ದಿನ ದಾರಿ ಗೊತ್ತಿದ್ದಿಲ್ಲ, ಈಗ ಗೊತ್ತಾಗ್ಯಾದ."

ಅಣ್ಣನ ಫೋನು ರಾತ್ರಿಯ ತನಕ ಹತ್ತಲಿಲ್ಲ. ಯವ್ವ ಇಲ್ಲಿದ್ದಾಳೆಂದು ತಿಳಿದು ಮರುದಿನ ಓಡಿ ಬಂದ. ಮಾನ್ವಿಯಿಂದ ನಿಂತುಕೊಂಡೇ ಬಂದಿದ್ದನಂತೆ, ಮುಖ ಬಾಡಿತ್ತು. ಯವ್ವನನ್ನು ಕಂಡ ಕೂಡಲೇ ಅವನ ದನಿ ಒಡೆಯಿತು. "ಹೇಳದಂಗ ಬರೋದೇನಬೇ? ಊರೆಲ್ಲ ಹುಡುಕೀನಿ. ಕಾಲುವಿ ಮಟ ಹೋಗಿ ನೋಡಿ ಬಂದೀನಿ."

ಕಾಲುವೆ ಎಂದದ್ದು ಕೇಳಿ ಯವ್ವನ ಮುಖ ಸಣ್ಣದಾಯಿತು. ಅವನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಹೇಳಬೇಕಿತ್ತು. ಆದ್ರ ಹೇಳಿದ್ರ ಬಿಡ್ತಿದ್ದೇನು?"

ನಾನು ಊಟಕ್ಕೆ ಬಡಿಸುತ್ತ ಕೇಳಿದೆ, "ಅಣ್ಣ, ಗಿರಾಕಿ ಪ್ಯಾಂಟಿನ ಅಳತಿ ತಗೋವಾಗ ಏನಂತಿ ನೀನು?"

"ಏನಂತೀನಿ? ಸ್ವಲ್ಪ ಫ್ರೀ ಇಡ್ಲೇನ್ರಿ ಅಂತೀನಿ. ಕುಂದ್ರಾಕ ಏಳಾಕ ಬೇಕಲ್ಲ."

"ಊರ ಮಂದಿ ಪ್ಯಾಂಟ್ ಎಲ್ಲ ಫ್ರೀ ಇಡ್ತಿ. ಯವ್ವಗ ಮಾತ್ರ ಅಷ್ಟು ಟೈಟ್ ಯಾಕ?"

ಅಣ್ಣ ತುತ್ತು ಹಿಡಿದುಕೊಂಡೇ ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ತುಟಿ ಅಂಚಿನಲ್ಲಿ ನಕ್ಕ. ಊಟವಾದ ಮೇಲೆ ಅಂಗಿಯ ಕಿಸೆಯಿಂದ ಕಾರ್ಡು ತೆಗೆದು ಯವ್ವನ ತಟ್ಟೆಯ ಪಕ್ಕ ಇಟ್ಟ. ಕೊಡಬೇಕೆಂದೇ ತಂದಿದ್ದನೋ, ತೋರಿಸಿ ಕರೆದೊಯ್ಯಲು ತಂದಿದ್ದನೋ ನಾನು ಕೇಳಲಿಲ್ಲ. ಯವ್ವ ಕೈತೊಳೆದು, ಒರೆಸಿಕೊಂಡು, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನಡಿ ಇನ್ನ ಮನಿಗಿ ಹೋಗೋಣು," ಅಂದ ಅಣ್ಣ.

"ನಡಿ," ಅಂದಳು ಯವ್ವ.

ಅವರನ್ನು ಕಳಿಸಲು ನಾನೂ ಬಸ್‌ಸ್ಟ್ಯಾಂಡಿಗೆ ಹೋದೆ. ಅಣ್ಣ ಯವ್ವನ ಚೀಲ ಹಿಡಿದುಕೊಂಡು ಮಾನ್ವಿಯ ಬಸ್ಸು ಎಲ್ಲಿ ಎಂದು ಬೋರ್ಡು ಓದುತ್ತಿದ್ದ. ಪಕ್ಕದಲ್ಲಿ ಒಬ್ಬ ಕಂಡಕ್ಟರ್ "ಯಾಪಲದಿನ್ನಿ, ಯಾಪಲದಿನ್ನಿ" ಎಂದು ಒದರುತ್ತಿದ್ದ. ಯವ್ವ ನಿಂತಳು.

"ಯಾಪಲದಿನ್ನಿ ಅಂದನೇನು? ಅಲ್ಲಿ ನಮ್ಮ ನರಸಮ್ಮ ಅದಾಳ. ನನ್ನ ಕೂಡ ನಾಟಿಗೆ ಬರ್ತಿದ್ಲು, ಈಗ ಮಗಳ ಮನ್ಯಾಗ ಅದಾಳಂತ. ಬದುಕ್ಯಾಳೋ ಇಲ್ಲೋ ನೋಡಬೇಕು."

ಹೇಳಿದವಳು ನಮ್ಮ ಒಪ್ಪಿಗೆಗೆ ಕಾಯಲಿಲ್ಲ. ಕಂಬಿ ಹಿಡಿದು ಸರಸರ ಹತ್ತಿ, ಕಿಟಕಿಯ ಸೀಟು ಹಿಡಿದು ಕುಳಿತೇಬಿಟ್ಟಳು. ಅಣ್ಣ ಕೆಳಗಿನಿಂದ ಕಿಟಕಿಗೆ ಬಡಿದ. "ಯವ್ವಾ, ಇಳಿಯವ್ವಾ! ಯಾವಾಗ ಬರ್ತಿ?"

"ಹೊಂಟೋರನ್ನ ಹಂಗೆಲ್ಲ ಕೇಳಬಾರದಲೇ," ಅಂದಳು ಯವ್ವ. "ನಾ ಇನ್ನಾ ಹೋಗೇ ಇಲ್ಲ."

ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟಿನತ್ತ ಹೊರಟಿತು. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಕೂಗಿದಳು, "ಮಲ್ಲೇಶಿ, ಆ ಚೀಲ ಮನ್ಯಾಗ ಇಡಪ್ಪಾ!"

ಅಣ್ಣ ಸ್ವಲ್ಪ ಹೊತ್ತು ಗೇಟಿನ ಕಡೆಯೇ ನೋಡುತ್ತ ನಿಂತ. ಅಷ್ಟರಲ್ಲಿ ಮಾನ್ವಿಯ ಬಸ್ಸು ಬಂತು. ಅವನಿಗೆ ಆವತ್ತೂ ಸೀಟು ಸಿಗಲಿಲ್ಲ. ಯವ್ವನನ್ನು ಕರೆದೊಯ್ಯಲು ಬಂದಿದ್ದವನು, ಯವ್ವನ ಚೀಲವನ್ನು ಕೂಸಿನ ಹಾಗೆ ಎದೆಗವಚಿಕೊಂಡು, ನಿಂತುಕೊಂಡೇ ಊರಿಗೆ ಹೋದ.